ಒಂದು ದಿನದ ಅತಿಥಿಗಳು

ತಿಥಿಯನ್ನು ನೋಡದೆ ಬರುವವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳುವುದುಂಟು. ಮುನ್ಸೂಚನೆಯಿಲ್ಲದೆ ಬಂದವನನ್ನೂ ಆದರಿಸಿ ಉಣಬಡಿಸುವುದು ಗೃಹಸ್ಥನ ಧರ್ಮವೆಂದು ನಮ್ಮ ನಾಡಿನ ಮನೆಗಳು ನಂಬಿ ನಡೆದುಬಂದಿವೆ. ಆದರೆ ಕೆಲವು ಮನೆಗಳಿಗೆ ಹೋಗುವ ಅತಿಥಿಯು ತಿಥಿಯನ್ನು ನೋಡಿ, ಹೊತ್ತನ್ನು ಅರಿತು, ಏನನ್ನು ಒಯ್ಯಬೇಕು, ಏನನ್ನು ಒಯ್ಯಬಾರದು ಎಂಬುದನ್ನು ತಿಳಿದೇ ಹೊರಡಬೇಕು. ವನ್ಯಪ್ರಾಣಿಗಳು ವಾಸಿಸುವ ಉದ್ಯಾನವು ಅಂಥದೊಂದು ಮನೆ. ಅಲ್ಲಿಯ ಆತಿಥೇಯರು ಮಾತನಾಡಲಾರರು. ಬಂದವರಿಂದ ತೊಂದರೆಯಾದರೆ ದೂರಲಾರರು. ಬೇಡದವರನ್ನು ಬಾಗಿಲಿನಿಂದಾಚೆ ಕಳುಹಿಸಲಾರರು. ಆದುದರಿಂದ ಅವರ ಪರವಾಗಿ ಯೋಚಿಸುವ ಹೊಣೆಯೂ ಅತಿಥಿಯ ಮೇಲೆಯೇ ಬೀಳುತ್ತದೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಬಲ್ಲವರ ಮಾತು. ಓದುವುದಕ್ಕೆ ಹೇಗೆ ಸಿದ್ಧತೆ ಬೇಕೋ ಸುತ್ತುವುದಕ್ಕೂ ಹಾಗೆಯೇ ಸಿದ್ಧತೆ ಬೇಕು. ಮನೆಮಂದಿಯೆಲ್ಲ ಒಂದು ದಿನ ಹೊರಗೆ ಹೋಗಿ ಬರುವುದು ಸುಲಭದ ಕೆಲಸವೆಂದು ತೋರಬಹುದು. ಆದರೆ ಮನೆಯಲ್ಲಿ ವಯಸ್ಸಾದವರಿರುತ್ತಾರೆ, ಚಿಕ್ಕ ಮಕ್ಕಳಿರುತ್ತಾರೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಹಸಿವು. ಒಬ್ಬರಿಗೆ ಹುಲಿಯನ್ನು ನೋಡುವ ಆಸೆ, ಮತ್ತೊಬ್ಬರಿಗೆ ದೇವರ ದರ್ಶನದ ಆಸೆ. ಇವೆಲ್ಲವನ್ನೂ ಒಂದೇ ಹಗಲಿನೊಳಗೆ, ಇರುವ ಹಣದೊಳಗೆ ಹೊಂದಿಸಬೇಕು. ಈ ಹೊಂದಾಣಿಕೆಯನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು.

ಬೆಂಗಳೂರಿನ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಆನೇಕಲ್ ತಾಲ್ಲೂಕಿನಲ್ಲಿ, ಬನ್ನೇರುಘಟ್ಟವಿದೆ. ಇಲ್ಲಿಯ ಅರಣ್ಯವನ್ನು 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇಂದು ಅದರ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಆನೆ, ಚಿರತೆ, ಕರಡಿ, ಕಡವೆಗಳು ಸ್ವಚ್ಛಂದವಾಗಿ ತಿರುಗುವ ಕಾಡು ಅದು. ಈ ಕಾಡಿನ ಅಂಚಿನ ಒಂದು ಭಾಗವನ್ನು 2002ರಲ್ಲಿ ಬೇರ್ಪಡಿಸಿ ಜೈವಿಕ ಉದ್ಯಾನವೆಂದು ಕರೆಯಲಾಯಿತು. ಮೃಗಾಲಯ, ಜಾಲರಿ ಹಾಕಿದ ಬಸ್ಸಿನಲ್ಲಿ ಕುಳಿತು ಪ್ರಾಣಿಗಳನ್ನು ನೋಡುವ ಸಫಾರಿ, ಸಂಕಟದಿಂದ ಬಿಡಿಸಿ ತಂದ ಪ್ರಾಣಿಗಳ ಆಶ್ರಯಧಾಮ, ಇವೆಲ್ಲ ಇರುವುದು ಈ ಭಾಗದಲ್ಲಿ. 2006ರಲ್ಲಿ ಇಲ್ಲಿಯೇ ಚಿಟ್ಟೆಗಳ ಉದ್ಯಾನವೊಂದು ಆರಂಭವಾಯಿತು. ನಮ್ಮ ದೇಶದಲ್ಲಿ ಅಂಥದು ಅದೇ ಮೊದಲನೆಯದು.

ಬೆಂಗಳೂರಿನ ಉತ್ತರ ಭಾಗದ ಬಡಾವಣೆಯೊಂದರಲ್ಲಿ ಒಂದು ಕುಟುಂಬವಿದೆ ಎಂದು ಭಾವಿಸೋಣ. ತಂದೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ತಾಯಿ ಮನೆಯಲ್ಲಿಯೇ ಬಟ್ಟೆ ಹೊಲಿದು ಸಂಸಾರಕ್ಕೆ ನೆರವಾಗುವವರು. ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ; ಮಗನಿಗೆ ಐದು ವರ್ಷ. ಇವರ ಜೊತೆಗೆ ಮಾಗಡಿಯ ಕಡೆಯ ಹಳ್ಳಿಯೊಂದರಲ್ಲಿ ಬಾಳಿ, ಈಗ ಮಗನ ಮನೆಯಲ್ಲಿರುವ ಎಪ್ಪತ್ತು ದಾಟಿದ ಅಜ್ಜಿ. ದಸರಾ ರಜೆಯಲ್ಲಿ ಒಂದು ದಿನ ಬನ್ನೇರುಘಟ್ಟಕ್ಕೆ ಹೋಗಿಬರಬೇಕೆಂದು ಇವರು ನಿಶ್ಚಯಿಸಿದರು. ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ ಎಂಬುದು ಮೊದಲನೆಯ ನಿರ್ಣಯ. ಖರ್ಚು, ದಾರಿ, ಹೊತ್ತು ಇವುಗಳ ಟಿಪ್ಪಣಿಯನ್ನು ಮಗಳೇ ಸಿದ್ಧಪಡಿಸಬೇಕು ಎಂಬುದು ಎರಡನೆಯದು.

ಮೊದಲು ಎದುರಾದದ್ದು ದಿನದ ಪ್ರಶ್ನೆ. ತಂದೆಯವರಿಗೆ ಮಂಗಳವಾರ ಬಿಡುವಿತ್ತು. ಆದರೆ ಮಂಗಳವಾರ ಉದ್ಯಾನಕ್ಕೆ ರಜೆ. ಮೃಗಾಲಯಗಳು ವಾರಕ್ಕೊಂದು ದಿನವಾದರೂ ಸಂದರ್ಶಕರಿಗೆ ಮುಚ್ಚಿರಬೇಕೆಂಬುದು ನಿಯಮ. ಆ ದಿನ ಆವರಣಗಳ ದುರಸ್ತಿ, ಶುಚಿತ್ವ, ಚಿಕಿತ್ಸೆ ಮೊದಲಾದ ಕೆಲಸಗಳು ನಿರಾತಂಕವಾಗಿ ನಡೆಯುತ್ತವೆ. ಅದಕ್ಕಿಂತ ಮುಖ್ಯವಾದುದೆಂದರೆ, ದಿನವೂ ನೂರಾರು ಕಣ್ಣುಗಳ ಎದುರಿನಲ್ಲಿ, ನೂರಾರು ಕೊರಳುಗಳ ಗದ್ದಲದಲ್ಲಿ ಇರುವ ಪ್ರಾಣಿಗಳಿಗೆ ಅಂದು ನೆಮ್ಮದಿ ದೊರೆಯುತ್ತದೆ. ಭಾನುವಾರ ಹೋದರೆ ಜನಸಂದಣಿಯಲ್ಲಿ ಅಜ್ಜಿಗೆ ಕಷ್ಟ. ಕೊನೆಗೆ ಬುಧವಾರವೆಂದು ಗೊತ್ತುಮಾಡಿ ತಂದೆಯವರು ಒಂದು ದಿನದ ರಜೆ ಬರೆದುಕೊಟ್ಟರು. ಹಬ್ಬಹರಿದಿನಗಳಲ್ಲಿ ರಜೆಯ ದಿನ ಬದಲಾಗುವುದುಂಟಾದ್ದರಿಂದ ಹೊರಡುವ ಮುನ್ನಾದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಬೇಕೆಂದು ಮಗಳು ತನ್ನ ಕಾಗದದಲ್ಲಿ ಗುರುತುಹಾಕಿಕೊಂಡಳು.

ದಿನದ ನಂತರ ಹೊತ್ತಿನ ಪ್ರಶ್ನೆ. ಊಟ ಮುಗಿಸಿಕೊಂಡು ನಿಧಾನವಾಗಿ ಹೊರಟರೆ ಆಗದೇ ಎಂದು ತಾಯಿ ಕೇಳಿದರು. ಮಗಳು ಪ್ರಾಣಿಗಳ ದಿನಚರಿಯನ್ನು ಮುಂದಿಟ್ಟಳು. ಬಿಸಿಲೇರಿದಂತೆ ಹುಲಿಯು ನೆರಳನ್ನೋ ನೀರನ್ನೋ ಹುಡುಕಿ ಮಲಗುತ್ತದೆ. ಸಿಂಹವಂತೂ ದಿನದ ಬಹುಪಾಲನ್ನು ವಿಶ್ರಾಂತಿಯಲ್ಲಿಯೇ ಕಳೆಯುವ ಪ್ರಾಣಿ. ಆದುದರಿಂದ ದ್ವಾರ ತೆರೆಯುವ ಹೊತ್ತಿಗೆ ಅಲ್ಲಿದ್ದು, ತಂಪು ಆರುವ ಮುನ್ನ ಸಫಾರಿ ಮುಗಿಸುವುದು ಲೇಸು. ಚಿಟ್ಟೆಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದರ ದೇಹಕ್ಕೆ ತನ್ನದೇ ಆದ ಬಿಸುಪು ಸಾಲದು. ರೆಕ್ಕೆಗಳನ್ನು ಬಿಸಿಲಿಗೊಡ್ಡಿ ಮೈ ಕಾಯಿಸಿಕೊಂಡ ಮೇಲೆಯೇ ಅದು ಚೆನ್ನಾಗಿ ಹಾರಬಲ್ಲುದು. ಹಾಗಾಗಿ ಚಿಟ್ಟೆಗಳ ಉದ್ಯಾನಕ್ಕೆ ಹನ್ನೊಂದರ ಹೊತ್ತು ಪ್ರಶಸ್ತ. ಆಮೇಲೆ ಊಟ; ಊಟದ ನಂತರ ಮರಗಳ ನೆರಳಿನಲ್ಲಿ ನಿಧಾನವಾಗಿ ಮೃಗಾಲಯದ ವೀಕ್ಷಣೆ. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಬೇಡವೆಂದು ತಂದೆ ಹೇಳಿದರು. ತಮ್ಮನಿಗೆ ನಿದ್ದೆ ಬಂದರೆ, ಅಜ್ಜಿಗೆ ಕಾಲು ಸೋತರೆ, ಉಳಿದುದನ್ನು ಇನ್ನೊಂದು ವರ್ಷಕ್ಕೆ ಬಿಡುವುದೆಂದು ಗೊತ್ತಾಯಿತು. ನಡೆಯಲಾರದವರಿಗೆ ವಾಹನದ ಅನುಕೂಲವನ್ನು ದ್ವಾರದಲ್ಲಿಯೇ ಕೇಳಿ ತಿಳಿಯಬೇಕೆಂದೂ, ಸಮಯ ಉಳಿದರೆ ಮಾತ್ರ ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯ ದರ್ಶನ ಮಾಡಬೇಕೆಂದೂ ನಿಶ್ಚಯವಾಯಿತು. “ದೇವರು ಕಾಯುತ್ತಾನೆ, ಬಸ್ಸು ಕಾಯುವುದಿಲ್ಲ” ಎಂದು ಅಜ್ಜಿಯೇ ಅದಕ್ಕೆ ಒಪ್ಪಿದರು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಪ್ರವಾಸಕ್ಕೂ ಸಲ್ಲುವ ಮಾತು. ಮಗಳು ಕಾಗದದಲ್ಲಿ ಮೂರು ಅಂಕಣಗಳನ್ನು ಎಳೆದಳು. ಪ್ರಯಾಣ, ಪ್ರವೇಶ, ಇತರೆ ಎಂದು ಅವುಗಳಿಗೆ ಹೆಸರಿಟ್ಟಳು. ಬಾಡಿಗೆಯ ಕಾರು ಅವರ ಶಕ್ತಿಗೆ ಮೀರಿದ್ದು. ಕೆಂಪೇಗೌಡ ಬಸ್ ನಿಲ್ದಾಣದಿಂದ ಬನ್ನೇರುಘಟ್ಟಕ್ಕೆ ನಗರ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ದೊರೆತಿರುವುದರಿಂದ ಅಜ್ಜಿ, ತಾಯಿ, ಮಗಳು ಈ ಮೂವರ ಪ್ರಯಾಣಕ್ಕೆ ಖರ್ಚಿಲ್ಲ. ಪ್ರವೇಶ ಶುಲ್ಕದಲ್ಲಿ ಮಕ್ಕಳಿಗೂ ಹಿರಿಯ ನಾಗರಿಕರಿಗೂ ರಿಯಾಯಿತಿಯುಂಟು. ಅದಕ್ಕಾಗಿ ಅಜ್ಜಿಯ ಗುರುತಿನ ಚೀಟಿಯನ್ನು ಒಯ್ಯಬೇಕು. ಹೀಗೆ ಉಳಿದ ಹಣವು ಮೂರನೆಯ ಅಂಕಣಕ್ಕೆ ಸೇರಿತು. ಅದನ್ನು ಹೇಗೆ ವೆಚ್ಚಮಾಡಬೇಕೆಂಬುದನ್ನು ಅಂದು ತೀರ್ಮಾನಿಸಲಿಲ್ಲ.

ಬುತ್ತಿಯ ವಿಷಯಕ್ಕೆ ಬಂದಾಗ ಮಾತ್ರ ಮನೆಯಲ್ಲಿ ಒಂದು ವಾದವೇ ಎದ್ದಿತು. ಪುಳಿಯೋಗರೆ ಮತ್ತು ಮೊಸರನ್ನವನ್ನು ಸ್ಟೀಲಿನ ಡಬ್ಬಿಗಳಲ್ಲಿ ತುಂಬುವುದು, ಕುಡಿಯುವ ನೀರಿಗೆ ಮನೆಯ ತಂಬಿಗೆಯನ್ನೇ ಒಯ್ಯುವುದು ಎಂದು ತಾಯಿ ಹೇಳಿದರು. ಅಜ್ಜಿ ಒಂದು ಚಿಪ್ಪು ಬಾಳೆಹಣ್ಣನ್ನೂ ಸೇರಿಸಿಕೊಳ್ಳುವಂತೆ ಹೇಳಿದರು.

“ಅಷ್ಟೊಂದು ಹಣ್ಣು ಯಾರಿಗೆ ಅಜ್ಜಿ?” ಎಂದು ಮಗಳು ಕೇಳಿದಳು.

“ಕೋತಿಗಳಿಗೆ, ಜಿಂಕೆಗಳಿಗೆ. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದಮ್ಮ. ಹಸಿದ ಬಾಯಿಗೆ ಒಂದು ಹಣ್ಣು ಕೊಟ್ಟರೆ ಪುಣ್ಯವಲ್ಲವೇ?”

ಇದು ನಕ್ಕು ತಳ್ಳಿಹಾಕುವ ಮಾತಾಗಿರಲಿಲ್ಲ. ಅಜ್ಜಿಯ ಬಾಳೆಲ್ಲ ಇದೇ ನಂಬಿಕೆಯ ಮೇಲೆ ನಡೆದುಬಂದಿತ್ತು. ಹಟ್ಟಿಯ ದನಕ್ಕೆ ಮೊದಲ ರೊಟ್ಟಿ, ಅಂಗಳದ ಹಕ್ಕಿಗೆ ಹಿಡಿ ಕಾಳು, ಬಾಗಿಲಿಗೆ ಬಂದವರಿಗೆ ಒಂದು ತುತ್ತು, ಇವು ಅವರು ತಪ್ಪದೆ ನಡೆಸಿದ ವ್ರತಗಳು. ಮಗಳು ಕಾನೂನನ್ನು ಹೇಳಿದಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 38ಜೆ ಪ್ರಕರಣದ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ನೋಯಿಸುವುದು, ಗದ್ದಲದಿಂದ ಬೆದರಿಸುವುದು, ಆವರಣದಲ್ಲಿ ಕಸ ಚೆಲ್ಲುವುದು ಹೇಗೆ ನಿಷಿದ್ಧವೋ, ಅವಕ್ಕೆ ಆಹಾರ ಕೊಡುವುದೂ ಹಾಗೆಯೇ ನಿಷಿದ್ಧ. ಪ್ರೀತಿಯಿಂದ ಕೊಡುವ ಹಣ್ಣನ್ನೂ, ಕ್ರೌರ್ಯದಿಂದ ಎಸೆಯುವ ಕಲ್ಲನ್ನೂ ಕಾನೂನು ಒಂದೇ ಸಾಲಿನಲ್ಲಿಟ್ಟಿದೆ ಎಂಬುದನ್ನು ಕೇಳಿ ಅಜ್ಜಿಗೆ ಬೇಸರವಾಯಿತು.

ಆಗ ಮಗಳು ಕಾನೂನನ್ನು ಬಿಟ್ಟು ಕಾರಣವನ್ನು ಹೇಳತೊಡಗಿದಳು. ಮೃಗಾಲಯದ ಪ್ರತಿಯೊಂದು ಪ್ರಾಣಿಗೂ ಇಂಥ ಆಹಾರ, ಇಷ್ಟು ತೂಕ, ಇಂಥ ಹೊತ್ತು ಎಂದು ವೈದ್ಯರು ಗೊತ್ತುಮಾಡಿರುತ್ತಾರೆ. ಒಬ್ಬರು ಒಂದು ಹಣ್ಣು ಕೊಟ್ಟರೆ ಕೇಡಿಲ್ಲವೆನಿಸಬಹುದು. ಆದರೆ ಬರುವ ಸಾವಿರ ಜನರೂ ಹಾಗೆಯೇ ಎಣಿಸಿದರೆ ಆ ಪ್ರಾಣಿಯ ಗತಿಯೇನು? ಮನುಷ್ಯನ ಕೈಯ ತಿಂಡಿಯ ರುಚಿ ಹತ್ತಿದ ಕೋತಿಯು ತಾನೇ ಹುಡುಕಿ ತಿನ್ನುವುದನ್ನು ಬಿಟ್ಟು ದಾರಿಹೋಕರ ಚೀಲಕ್ಕೆ ಕೈ ಹಾಕುತ್ತದೆ. ಆಮೇಲೆ ಅದೇ ಮನುಷ್ಯ ಅದಕ್ಕೆ ಕೋಲು ತೋರಿಸುತ್ತಾನೆ. ತಿಂಡಿಯೊಡನೆ ಅದನ್ನು ಸುತ್ತಿದ ಪ್ಲಾಸ್ಟಿಕ್ ಚೀಲವೂ ಬಿದ್ದಿರುತ್ತದೆ. ಉಪ್ಪಿನ ವಾಸನೆಗೆ ಜಿಂಕೆ ಅದನ್ನೂ ನುಂಗಿಬಿಡುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳು. ಹುಲ್ಲನ್ನು ಅರಗಿಸಲು ಆ ಏರ್ಪಾಟು ಸೊಗಸಾದುದು. ಆದರೆ ಪ್ಲಾಸ್ಟಿಕ್ಕು ಅರಗುವುದಿಲ್ಲ. ಅದು ಅಲ್ಲಿಯೇ ಗಂಟಾಗಿ ನಿಂತು ದಾರಿಯನ್ನು ಮುಚ್ಚಿದರೆ, ಜಿಂಕೆಯು ಹೊಟ್ಟೆ ತುಂಬಿದಂತೆ ತೋರುತ್ತಲೇ ಹಸಿವಿನಿಂದ ಸಾಯುತ್ತದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಂದರೆ ಅವು ಪಥ್ಯದಲ್ಲಿವೆ ಎನ್ನು. ಪಥ್ಯದಲ್ಲಿರುವವರಿಗೆ ಪ್ರೀತಿ ಎಂದು ಹೋಳಿಗೆ ಬಡಿಸಿದರೆ ಅದು ಉಪಚಾರವಲ್ಲ, ಅಪಚಾರ. ಇದನ್ನು ಮೊದಲೇ ಹೇಳಬಾರದಾಗಿತ್ತೇ?” ಎಂದರು. ಮಗಳು ಅರ್ಧ ಗಂಟೆ ಹೇಳಿದುದು ಅಜ್ಜಿಯ ಬಾಯಲ್ಲಿ ಒಂದು ಮಾತಾಗಿತ್ತು. ಮನೆಯವರು ತಿನ್ನುವುದಕ್ಕೆಂದು ಐದೇ ಹಣ್ಣುಗಳು ಬುತ್ತಿಯ ಚೀಲ ಸೇರಿದವು. ಸಿಪ್ಪೆಗಳನ್ನು ಮನೆಗೇ ಹಿಂದಕ್ಕೆ ತರಲು ಬಟ್ಟೆಯ ಚೀಲವೊಂದು ಸಿದ್ಧವಾಯಿತು.

ಗೊತ್ತುಮಾಡಿದ ಬುಧವಾರ ಅವರು ಹೊರಟರು. ಸಫಾರಿಯ ಬಸ್ಸು ಎರಡು ಬಾಗಿಲುಗಳ ತಡೆಯನ್ನು ದಾಟಿ ಹುಲಿಗಳ ಆವರಣವನ್ನು ಹೊಕ್ಕಾಗ ಐದು ವರ್ಷದ ಹುಡುಗ ಕಿಟಕಿಗೆ ಅಂಟಿಕೊಂಡಿದ್ದನು. ಚಿತ್ರದ ಪುಸ್ತಕದಲ್ಲಿ ಹುಲಿ ಯಾವಾಗಲೂ ಬಾಯಿ ತೆರೆದು ಗರ್ಜಿಸುತ್ತದೆ. ಇಲ್ಲಿ ಅದು ಬಿದಿರ ಮೆಳೆಯ ಬುಡದಲ್ಲಿ ಬೆನ್ನು ತಿರುಗಿಸಿ ಮಲಗಿತ್ತು. ಪಟ್ಟೆಗಳ ಬೆನ್ನು, ಆಗೊಮ್ಮೆ ಈಗೊಮ್ಮೆ ನೊಣವನ್ನು ಅಟ್ಟುವ ಬಾಲ, ಇಷ್ಟೇ ಅವನಿಗೆ ಕಂಡದ್ದು. ಹಿಂದಿನ ಆಸನದಲ್ಲಿದ್ದ ಕೆಲವರು ಚಪ್ಪಾಳೆ ತಟ್ಟಿ ಕೂಗಿದರು. ಹುಲಿ ಏಳಲಿಲ್ಲ.

“ಹುಲಿ ಏಕೆ ಏಳುವುದಿಲ್ಲ ಅಜ್ಜಿ?” ಎಂದು ಹುಡುಗ ಅಳುಮೋರೆ ಮಾಡಿದನು.

“ಅದರ ಮನೆಯಲ್ಲಿ ಅದು ಮಲಗಿದೆ, ಮಗು. ನಾವು ಹೋದ ಮನೆಯಲ್ಲಿ ಯಜಮಾನರು ಮಲಗಿದ್ದರೆ ಚಪ್ಪಾಳೆ ಹೊಡೆದು ಎಬ್ಬಿಸುತ್ತೇವೆಯೇ? ಮೆತ್ತಗೆ ಬಂದು, ಮೆತ್ತಗೆ ಹೋಗುತ್ತೇವೆ.”

ಅಜ್ಜಿಯ ಈ ಮಾತು ಹಿಂದಿನ ಆಸನಕ್ಕೂ ಕೇಳಿಸಿರಬೇಕು, ಚಪ್ಪಾಳೆ ನಿಂತಿತು.

ಕರಡಿಗಳ ಆವರಣದ ಬಳಿ ಬಂದಾಗ ಅಜ್ಜಿಯ ಮುಖ ಅರಳಿತು. ಬಾಲ್ಯದಲ್ಲಿ ಅವರ ಊರಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಡಮರುಗದ ಸದ್ದಿಗೆ ಕರಡಿ ಹಿಂಗಾಲುಗಳ ಮೇಲೆ ನಿಂತು ಕುಣಿಯುತ್ತಿತ್ತು. ಹೆದರುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂದು, ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿದರೆ ಒಳ್ಳೆಯದೆಂದು ಜನ ನಂಬಿದ್ದರು. ಅಜ್ಜಿಯೂ ಮೊರದ ತುಂಬ ರಾಗಿ ತಂದು ಸುರಿದವರೇ. ಮಗಳು ತಾನು ಓದಿ ಬಂದುದನ್ನು ಮೆಲ್ಲಗೆ ಹೇಳಿದಳು. ಮರಿಯಾಗಿರುವಾಗಲೇ ತಾಯಿಯಿಂದ ಕಸಿದು ತಂದ ಆ ಕರಡಿಗಳ ಮೂತಿಯನ್ನು ಕಾದ ಕಬ್ಬಿಣದಿಂದ ತೂತುಮಾಡಿ ಹಗ್ಗ ಪೋಣಿಸುತ್ತಿದ್ದರು. ಹಗ್ಗ ಜಗ್ಗಿದಾಗ ಆಗುವ ನೋವನ್ನು ತಾಳಲಾರದೆ ಅವು ಮೇಲೇಳುತ್ತಿದ್ದವು. ಅದನ್ನೇ ಜನ ಕುಣಿತವೆಂದರು. ಕಾನೂನಿನ ಬಲದಿಂದ ಅಂಥ ಕರಡಿಗಳನ್ನು ಬಿಡಿಸಿ ಇಲ್ಲಿ ಆಶ್ರಯ ಕೊಟ್ಟರು. ಅವುಗಳನ್ನು ನೆಚ್ಚಿಕೊಂಡಿದ್ದ ಕುಟುಂಬಗಳಿಗೆ ಬೇರೆ ಕಸುಬು ಹಿಡಿಯಲು ನೆರವು ನೀಡಲಾಯಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸಬಾರದೆಂದು 1998ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎತ್ತಿಹಿಡಿಯಿತು. ಆ ಬಳಿಕ ಸರ್ಕಸ್ಸಿನ ಸಿಂಹ, ಹುಲಿಗಳಿಗೂ ಬನ್ನೇರುಘಟ್ಟವು ಆಶ್ರಯವಾಯಿತು. ಬೇಟೆಯಾಡಲು ಕಲಿಯದ ಈ ಪ್ರಾಣಿಗಳನ್ನು ಕಾಡಿಗೆ ಬಿಟ್ಟರೆ ಬದುಕಲಾರವು. ಆದುದರಿಂದ ಅವು ಬಾಳಿನ ಕೊನೆಯವರೆಗೂ ಮನುಷ್ಯನ ಆರೈಕೆಯಲ್ಲಿಯೇ ಇರಬೇಕಾಯಿತು.

ಅಜ್ಜಿ ಬಹಳ ಹೊತ್ತು ಕಿಟಕಿಯ ಜಾಲರಿಯಿಂದಾಚೆ ನೋಡುತ್ತ ಕುಳಿತರು. ದೂರದಲ್ಲಿ ಒಂದು ಕರಡಿ ತನ್ನ ನೀಳವಾದ ಉಗುರುಗಳಿಂದ ಮಣ್ಣನ್ನು ಕೆದಕಿ ಗೆದ್ದಲನ್ನು ಹುಡುಕುತ್ತಿತ್ತು. ಮೇಲಿನ ದವಡೆಯ ಮುಂಭಾಗದಲ್ಲಿ ಅದಕ್ಕೆ ಎರಡು ಹಲ್ಲುಗಳಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಯಾರೂ ಡಮರುಗ ಬಾರಿಸುತ್ತಿರಲಿಲ್ಲ. “ರಾಗಿ ಕೊಟ್ಟೆ, ಹಗ್ಗವನ್ನು ನೋಡಲಿಲ್ಲ” ಎಂದು ಅಜ್ಜಿ ತಮ್ಮಷ್ಟಕ್ಕೆ ಹೇಳಿಕೊಂಡರು. ಮನೆಯವರಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಚಿಟ್ಟೆಗಳ ಉದ್ಯಾನದ ಗೋಪುರದೊಳಗೆ ಹುಡುಗನ ಅಳುಮೋರೆ ಮಾಯವಾಯಿತು. ಚಿಟ್ಟೆಯೊಂದು ಹೂವಿನಿಂದ ಹೂವಿಗೆ ಹಾರಿ ಅವನ ಅಂಗಿಯ ತೋಳಿನ ಮೇಲೆ ಕುಳಿತಾಗ ಅವನು ಉಸಿರು ಬಿಗಿಹಿಡಿದು ನಿಂತನು. ಚಿಟ್ಟೆ ತನ್ನ ಕಾಲುಗಳಿಂದಲೇ ರುಚಿ ನೋಡುತ್ತದೆಂದು ಅಕ್ಕ ಹೇಳಿದಳು. ಹಾಗಾದರೆ ತಾನು ಅದಕ್ಕೆ ರುಚಿಸಲಿಲ್ಲವೆಂದು ಅದು ಹಾರಿಹೋದ ಮೇಲೆ ಅವನು ನಿರ್ಣಯಿಸಿದನು. ಎದ್ದು ನಿಲ್ಲದ ಹುಲಿಗಿಂತ ತಾನಾಗಿ ಬಂದು ಕುಳಿತ ಚಿಟ್ಟೆಯೇ ಅವನಿಗೆ ಆ ದಿನದ ದೊಡ್ಡ ಪ್ರಾಣಿಯಾಯಿತು.

ಮೂರನೆಯ ಅಂಕಣದ ಹಣದ ಮಾತು ಸಂಜೆ ಬಂದಿತು. ದ್ವಾರದ ಹೊರಗಿನ ಅಂಗಡಿಗಳಲ್ಲಿ ಬಣ್ಣಬಣ್ಣದ ಆಟಿಕೆಗಳಿದ್ದವು. ಹುಡುಗನಿಗೆ ಒಂದು ಚಿಕ್ಕ ಮರದ ಆನೆ ದೊರೆಯಿತು. ಮಿಕ್ಕ ಹಣವನ್ನು ಹಾಗೆಯೇ ಇಟ್ಟು, ಪ್ರತಿ ತಿಂಗಳೂ ಅದಕ್ಕೆ ಸ್ವಲ್ಪ ಸೇರಿಸಿ, ಮುಂದಿನ ವರ್ಷ ಉದ್ಯಾನದ ಒಂದು ಚಿಕ್ಕ ಪ್ರಾಣಿಯನ್ನು ದತ್ತು ಪಡೆಯಬೇಕೆಂದು ಮನೆಯವರು ಯೋಚಿಸಿದರು. ದತ್ತು ಎಂದರೆ ಪ್ರಾಣಿಯನ್ನು ಮನೆಗೆ ತರುವುದಲ್ಲ. ಅದು ಇರುವಲ್ಲಿಯೇ ಅದರ ಆಹಾರದ ವೆಚ್ಚವನ್ನು ಗೊತ್ತಾದ ಅವಧಿಯವರೆಗೆ ಭರಿಸುವುದು. ನಮ್ಮ ರಾಜ್ಯದ ಮೃಗಾಲಯಗಳಲ್ಲಿ ಈ ಏರ್ಪಾಟು ಇದೆ. ಆನೆ, ಹುಲಿಗಳಿಗೆ ದೊಡ್ಡ ಮೊತ್ತ ಬೇಕು. ಸಣ್ಣ ಪಕ್ಷಿಗಳಿಗೆ ಸಾಮಾನ್ಯ ಸಂಸಾರದ ಉಳಿತಾಯವೂ ಸಾಲುತ್ತದೆ. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂಬ ಅಜ್ಜಿಯ ನಿಯಮಕ್ಕೆ ಹೀಗೆ ಭಂಗ ಬರದ ದಾರಿಯೊಂದು ದೊರೆಯಿತು.

ಒಂದು ದಿನದ ವಿಹಾರಕ್ಕೆ ಇಷ್ಟೊಂದು ಆಲೋಚನೆ ಅಗತ್ಯವೇ ಎಂದು ಕೆಲವರು ಕೇಳಬಹುದು. ಆಲೋಚನೆಯಿಲ್ಲದೆ ಹೊರಟವರೂ ಪ್ರಾಣಿಗಳನ್ನು ನೋಡಿ ಬರುತ್ತಾರೆ. ಆದರೆ ಮಂಗಳವಾರ ಹೋಗಿ ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗುವವರು, ನಡುಹಗಲಲ್ಲಿ ಮಲಗಿದ ಹುಲಿಯನ್ನು ಬೈಯುವವರು, ಪ್ರೀತಿಯಿಂದ ಎಸೆದ ತಿಂಡಿಯಿಂದ ಜಿಂಕೆಯೊಂದನ್ನು ಕೊಲ್ಲುವವರು ಅವರಲ್ಲಿಯೇ ಇರುತ್ತಾರೆ. ಸಿದ್ಧತೆಯೆಂದರೆ ಹಣ ಮತ್ತು ಹೊತ್ತಿನ ಲೆಕ್ಕ ಮಾತ್ರವಲ್ಲ. ನಾವು ಹೋಗುವ ಮನೆಯಲ್ಲಿ ವಾಸಿಸುವವರಾರು, ಅವರಿಗೆ ಹಿತವಾದುದೇನು ಎಂದು ಮೊದಲೇ ಕೇಳಿಕೊಳ್ಳುವುದು. ಸಜ್ಜನನಾದ ಅತಿಥಿಯು ಬಂದಾಗ ಮನೆ ಹೇಗಿತ್ತೋ ಹೋಗುವಾಗಲೂ ಹಾಗೆಯೇ ಇರುವಂತೆ ನೋಡಿಕೊಳ್ಳುತ್ತಾನೆ. ಆ ಬುಧವಾರ ಸಂಜೆ ಬಾಳೆಹಣ್ಣಿನ ಐದು ಸಿಪ್ಪೆಗಳು ಬಟ್ಟೆಯ ಚೀಲದಲ್ಲಿ ಬಸ್ಸನ್ನೇರಿ ಬೆಂಗಳೂರಿಗೆ ಹಿಂದಿರುಗಿದವು.

ಅಭ್ಯಾಸ

ಪದಗಳ ಅರ್ಥ
ಆತಿಥೇಯ – ಅತಿಥಿಯನ್ನು ಸತ್ಕರಿಸುವವನು
ಸ್ವಚ್ಛಂದ – ತನ್ನ ಇಚ್ಛೆಯಂತೆ ನಡೆಯುವ
ಬಿಸುಪು – ಶಾಖ, ಬಿಸಿ
ಬುತ್ತಿ – ಪ್ರಯಾಣಕ್ಕೆ ಕಟ್ಟಿಕೊಂಡ ಊಟ
ಪಥ್ಯ – ಆರೋಗ್ಯಕ್ಕಾಗಿ ಪಾಲಿಸುವ ಆಹಾರ ನಿಯಮ
ಮೆಳೆ – ಬಿದಿರು ಮೊದಲಾದವುಗಳ ದಟ್ಟವಾದ ಪೊದೆ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಅತಿಥಿ’ ಎಂಬ ಪದಕ್ಕೆ ಹಿರಿಯರು ಹೇಳುವ ಅರ್ಥವೇನು?
2. ಬನ್ನೇರುಘಟ್ಟದ ಅರಣ್ಯವು ರಾಷ್ಟ್ರೀಯ ಉದ್ಯಾನವಾದುದು ಯಾವಾಗ?
3. ಕರಡಿಯು ಗೆದ್ದಲನ್ನು ಹೇಗೆ ತಿನ್ನುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೃಗಾಲಯಗಳಿಗೆ ವಾರದ ರಜೆ ಏಕೆ ಬೇಕು?
2. ಸಫಾರಿಗೂ ಚಿಟ್ಟೆಗಳ ಉದ್ಯಾನಕ್ಕೂ ಬೇರೆ ಬೇರೆ ಹೊತ್ತನ್ನು ಮಗಳು ಆರಿಸಿದುದೇಕೆ?
3. ಪ್ಲಾಸ್ಟಿಕ್ ನುಂಗಿದ ಜಿಂಕೆಗೆ ಏನಾಗುತ್ತದೆ?

ಇ) ಸಂದರ್ಭದೊಡನೆ ವಿವರಿಸಿರಿ.
1. “ಅದು ಉಪಚಾರವಲ್ಲ, ಅಪಚಾರ.”
2. “ರಾಗಿ ಕೊಟ್ಟೆ, ಹಗ್ಗವನ್ನು ನೋಡಲಿಲ್ಲ.”

ಈ) ಭಾಷಾಭ್ಯಾಸ
ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿರಿ: ಮೃಗಾಲಯ, ಮನೆಯಲ್ಲಿ, ಬಸ್ಸನ್ನೇರಿ.

ಉ) ನಿಮ್ಮ ಮನೆಯವರೊಡನೆ ಒಂದು ದಿನದ ಪ್ರವಾಸವನ್ನು ಯೋಜಿಸಿ, ದಿನ, ಹೊತ್ತು, ಖರ್ಚು, ಬುತ್ತಿ ಇವುಗಳ ಟಿಪ್ಪಣಿಯನ್ನು ಬರೆಯಿರಿ.